ಅಪ್ಪನ ನಡಿಗೆಗೆ ಡಾಕ್ಟರು ಇಟ್ಟ ಹೆಸರು

ನಮ್ಮೂರು ಬೀಡಿಯಿಂದ ನಾನು ನಗರಕ್ಕೆ ಕರೆತಂದಿದ್ದ ಅಪ್ಪ ಬಾಗಿಲಿನಿಂದ ಕುರ್ಚಿಯವರೆಗೆ ನಡೆದದ್ದನ್ನು ನೋಡಿ, ಹಿಂದವಾಡಿಯ ಡಾಕ್ಟರು ಸಹಾಯಕಿಗೆ ಇಂಗ್ಲಿಷಿನಲ್ಲಿ ‘ಶ್ಯಾಂಬ್ಲಿಂಗ್ಲಿ’ ನಡೆಯುತ್ತಾರೆ ಎಂದರು.

“ಏನಂದ್ರವ್ವಾ ಅವ್ರು?” ಅಪ್ಪ ಕೇಳಿದರು.

“ಕಾಲು ಸಡಿಲ ಬಿಟ್ಟು ಎಳಕೊಂತ ನಡೀತೀರಂತ,” ಎಂದೆ. ಗಾಬರಿಯಾದಾರೆಂದು ಪದದ ಮೂಲವನ್ನೂ ಹೇಳಿದೆ: ಹಿಂದೆ ಇಂಗ್ಲೆಂಡಿನ ಮಾಂಸದಂಗಡಿಯ ಮೇಜಿಗೆ ಶ್ಯಾಂಬಲ್ ಎನ್ನುತ್ತಿದ್ದರು, ಅದರ ಅಗಲಿಸಿದ ಕಾಲುಗಳಿಂದ ಈ ಮಾತು ಬಂದಿರಬಹುದಂತೆ.

“ಟೇಬಲ್ಲಿನ ಕಾಲಾದ್ರ ಬೆಣಿ ಬಡದ್ರ ಮುಗೀತು. ನನಗ ಎಲ್ಲಿ ಬಡೀತಾರ ಕೇಳವ್ವಾ!” ಅಪ್ಪ ನಕ್ಕರು.

ಕನ್ನಡ ಬಲ್ಲ ಡಾಕ್ಟರು ನಗಲಿಲ್ಲ. ಇಂಥ ನಡಿಗೆಗೆ ಕಾರಣ ಮಿದುಳಿನಲ್ಲೂ ಇರಬಹುದು, ತಲೆಯ ಸ್ಕ್ಯಾನ್ ಮಾಡಿಸಿ ಎಂದರು.

ವರದಿ ಇನ್ನೂ ಬಂದಿಲ್ಲ. ಅಪ್ಪ ಎದ್ದರೆ ನನ್ನ ಕಣ್ಣು ಮೊದಲು ಅವರ ಕಾಲಿಗೆ ಹೋಗುತ್ತದೆ. ಅದು ಅವರಿಗೂ ಗೊತ್ತಾಗಿರಬೇಕು. ನಾನು ಎದುರಿಗಿದ್ದಷ್ಟು ಹೊತ್ತು ಅವರು ಕೂತಲ್ಲಿಂದ ಏಳುವುದಿಲ್ಲ.