ಸೀಟು ನೋಡಿ ಸವಾರನನ್ನು ಹೇಳುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಹಳೇ ಸೀಟೊಂದನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡುತ್ತಿದ್ದಾರೆ. ಹೆಬ್ಬೆರಳಿನಿಂದ ಒತ್ತುತ್ತಾರೆ, ಹೊದಿಕೆಯ ಅಂಚನ್ನು ಉಗುರಿನಿಂದ ಕೆರೆಯುತ್ತಾರೆ. "ವಾರಕ್ಕೆ ಎರಡೇ ಸಲ ಓಡಿಸ್ತೀನಿ ಅಂದ," ಎಂದು ಗೊಣಗುತ್ತಾರೆ. "ಇದು ದಿನಾ ಓಡಿರೋ ಸೀಟು."

ಸುತ್ತಲಿನ ರೇಸ್ ಸೈಕಲ್ ಸವಾರರು ಇವರನ್ನು ಪತ್ತೇದಾರಿ ಅಕ್ಕ ಎನ್ನುತ್ತಾರೆ, ಎದುರಿಗಲ್ಲ. ಗಂಟೆಗಟ್ಟಲೆ ಬಾಗಿ ತುಳಿಯುವವರಿಗೆ ಹೊಂದುವ ಸೀಟು ಹುಡುಕಿಕೊಡುವುದು, ಇದ್ದದ್ದರ ಮೆತ್ತೆ ಕೊರೆದು ಹೊಸ ಹೊದಿಕೆ ಹೊಲಿಯುವುದು ಇವರ ಕೆಲಸ. ದಿನಕ್ಕೆ ನಾಲ್ಕು ಸೀಟು, ಮೈಮುರಿದು ದುಡಿದರೆ ಐದು. ಹೀಗೆ ಹತ್ತೊಂಬತ್ತು ವರ್ಷ. ಅಂಗಡಿಯ ಬೋರ್ಡಿನಲ್ಲಿ ಇವರ ಸುಳಿವೇ ಇಲ್ಲ.

ಮೊದಲು ಬಸ್ ಸೀಟು ಹೊಲಿಯುವ ಕಾರ್ಖಾನೆಯಲ್ಲಿದ್ದರು. ಅದು ಮುಚ್ಚಿದ ವರ್ಷವೇ ಗಂಡ ಹಾಸಿಗೆ ಹಿಡಿದರು. ಹೊಲಿಗೆ ಯಂತ್ರ ಹೊರಿಸಿಕೊಂಡು ಇಲ್ಲಿಗೆ ಬಂದಾಗ ಸವಾರರು ನಂಬಲಿಲ್ಲ; ಸೈಕಲ್ಲೇ ಹತ್ತದವಳಿಗೆ ಸೀಟಿನ ವಿಷಯ ಏನು ಗೊತ್ತು ಎಂದು ನಕ್ಕರು. ಇವರೂ ಅವರನ್ನು ನಂಬಲಿಲ್ಲ. "ಎಲ್ಲಿ ನೋವು ಅಂದ್ರೆ ಸೊಂಟ ತೋರಿಸ್ತಾರೆ. ನಾಚಿಕೆ. ಅದಕ್ಕೇ ಕೇಳೋದೇ ಬಿಟ್ಟೆ. ರಟ್ಟಿನ ಮೇಲೆ ಕೂರಿಸಿ, ಮೂಳೆ ಒತ್ತಿದ ಎರಡು ಗುಳಿ ಅಳೀತೀನಿ. ಹಳೇ ಸೀಟು ನೋಡ್ತೀನಿ. ಉಳಿದಿದ್ದು ಅದೇ ಹೇಳುತ್ತೆ."

ಕಳೆದ ವರ್ಷ ಮಾತ್ರ ಈ ಹೆಸರಿಗೇ ಕುತ್ತು ಬಂದಿತ್ತು. ಬ್ಯಾಂಕಿನ ಗುಮಾಸ್ತರೊಬ್ಬರಿಗೆ ಮಾಡಿಕೊಟ್ಟ ಸೀಟು ಎರಡೇ ವಾರದಲ್ಲಿ ವಾಪಸ್ ಬಂತು. ಎಡಗಡೆ ಉರಿ, ಕಾಲು ಮರಗಟ್ಟುತ್ತದೆ ಎಂಬ ದೂರು. ಸರಿಮಾಡಿ ಕಳಿಸಿದರು, ಮತ್ತೆ ಬಂತು. ಮೂರನೇ ಸಲ ಆತ ನಾಲ್ಕು ಜನರ ಮುಂದೆಯೇ ಹೇಳಿದರು: "ಅಕ್ಕ, ನಿಮ್ಮ ಕೈ ಮೊದಲಿನ ಹಾಗಿಲ್ಲ." ಆ ವಾರ ಇಬ್ಬರು ಹೇಳದೆ ಕೇಳದೆ ಬೇರೆ ಕಡೆ ಹೋದರು.

ಅಕ್ಕನಿಗೆ ಮೊದಲು ಅನುಮಾನ ಬಂದದ್ದು ತಮ್ಮ ಕಣ್ಣಿನ ಮೇಲೆ. ಆಮೇಲೆ ಆತನ ಮೇಲೆ. ಸೈಕಲ್ಲನ್ನೇ ತರಿಸಿ ಬಾಗಿಲು ಹಾಕಿಕೊಂಡು ಕೂತರು. ಸೀಟಿನ ಮೂತಿ ಕೂದಲೆಳೆಯಷ್ಟು ಎಡಕ್ಕೆ ತಿರುಗಿತ್ತು. ಸೀಟು ಹೊತ್ತ ಕಂಬದ ಮೇಲೆ, ಕ್ಲ್ಯಾಂಪು ಬಿಗಿಯುವ ಜಾಗದಿಂದ ಮೂರು ಬೆರಳು ಮೇಲೆ, ಬಳೆಯಂತೆ ಸುತ್ತಿದ ಇನ್ನೊಂದು ಗೀರು. ಅಂದರೆ ಯಾರೋ ಸೀಟನ್ನು ಇಳಿಸುತ್ತಿದ್ದಾರೆ, ಮತ್ತೆ ಅಂದಾಜಿನ ಮೇಲೆ ಏರಿಸುತ್ತಿದ್ದಾರೆ.

ಗುಮಾಸ್ತರನ್ನು ಒಳಗೆ ಕರೆದರು. "ಇದನ್ನ ಬೇರೆ ಯಾರಾದ್ರೂ ಮುಟ್ತಾರಾ?"

"ಯಾರೂ ಇಲ್ಲ."

"ಮನೇಲಿ ನಿಮಗಿಂತ ಗಿಡ್ಡ ಯಾರು?"

ಗುಮಾಸ್ತರು ನಕ್ಕರು. "ನನ್ನ ಹೆಂಡ್ತಿ. ಅವಳಿಗೆ ಸೈಕಲ್ ಕಂಡ್ರೆ ಆಗಲ್ಲ. ಭಾನುವಾರ ಪೂರ್ತಿ ಇದರ ಜೊತೆಗೇ ಕಳೀತೀನಿ ಅಂತ ಸಿಡುಕ್ತಾಳೆ."

ಉತ್ತರ ಅಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಆಡಿದ್ದರೆ ತಮ್ಮ ಹೆಸರು ಉಳಿಯುತ್ತಿತ್ತು. ಆದರೆ ಆ ಹೆಂಗಸು ಯಾಕೆ ಮುಚ್ಚಿಡುತ್ತಿದ್ದಾಳೋ, ಈ ಮನುಷ್ಯ ಮನೆಯಲ್ಲಿ ಎಂಥವನೋ ಯಾರಿಗೆ ಗೊತ್ತು? ಕಂಬದ ಮೇಲೆ ಆತನ ಎತ್ತರಕ್ಕೊಂದು ಬಿಳಿ ಗೆರೆ ಎಳೆದರು. ಗೀರಿದ ಕಡೆ ಒಂದು ಕೆಂಪು ಗೆರೆ. ಎರಡೂ ಎತ್ತರಕ್ಕೆ ಮೂತಿ ನೇರ ನಿಲ್ಲಲೆಂದು ಹಿಂಬದಿಗೆ ಒಂದು ಉದ್ದ ಗೀಟು. ಕೆಂಪು ಯಾಕೆ ಎಂದದ್ದಕ್ಕೆ, "ಅದು ನನ್ನ ಗುರುತು, ನಿಮಗೆ ಬೇಡ" ಎಂದು ಸಾಗಹಾಕಿದರು.

ದೂರು ನಿಂತಿತು. ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕುಳ್ಳಗಿನ ಹೆಂಗಸೊಬ್ಬರು ಬಾಗಿಲಲ್ಲಿ ನಿಂತರು. "ಕೆಂಪು ಗೆರೆ ಎಳೆದಿದ್ದು ನೀವೇನಾ?" ಗಂಡ ಆಫೀಸಿಗೆ ಹೋದ ಮೇಲೆ ಕಲಿಯುತ್ತಿದ್ದರಂತೆ. ಬಿದ್ದರೆ ಆಡಿಕೊಳ್ಳುತ್ತಾರೆ ಎಂಬ ಅಳುಕು, ಅಷ್ಟೇ. "ಅವರಿಗೆ ಹೇಳಿಬಿಟ್ರಾ?"

"ನಾನ್ಯಾಕೆ ಹೇಳ್ಲಿ? ಕೂತ್ಕೊಳ್ಳಿ," ಎಂದು ಅಕ್ಕ ರಟ್ಟು ಮುಂದಿಟ್ಟರು.

ಆಕೆಗೆಂದೇ ಅಗಲವಾದ ಸೀಟು ತಯಾರಾದ ಮೇಲೆ ಗಂಡನಿಗೆ ಆಕೆಯೇ ಹೇಳಿದರು. ಗುಮಾಸ್ತರು ಬಂದು, ಅಂದು ಮಾತಾಡಿದ ಜಾಗದಲ್ಲೇ, ಅಂಥದೇ ನಾಲ್ಕು ಜನರ ಮುಂದೆ ತಪ್ಪಾಯಿತು ಎಂದರು. ಈ ಕಥೆಯನ್ನು ಬರೆಯಬಹುದೇ, ಯಾರ ಹೆಸರೂ ಹಾಕುವುದಿಲ್ಲ ಎಂದಾಗಲೂ ಅಕ್ಕ ನಮ್ಮ ಮಾತು ನಂಬಲಿಲ್ಲ. "ಅವರನ್ನ ಕೇಳ್ಕೊಂಡು ಬನ್ನಿ" ಎಂದು ವಿಳಾಸ ಕೊಟ್ಟು ಅಟ್ಟಿದರು. ಗಂಡ ಹೆಂಡತಿ ಇಬ್ಬರೂ ನಗುತ್ತಲೇ ಒಪ್ಪಿದರು.

ನಿಮಗೇನು ಆಸೆ ಎಂದರೆ ಅಕ್ಕ ದಾರ ಹಲ್ಲಲ್ಲಿ ಕಡಿದು ಸ್ವಲ್ಪ ಯೋಚಿಸುತ್ತಾರೆ. "ಒಮ್ಮೆ ಬಂದೋರು ಮತ್ತೆ ಬರಬಾರದು. ಬಂದ್ರೆ ನೋವಿದೆ ಅಂತಲೇ. ಅವರಿಬ್ರೂ ನಾಲ್ಕು ತಿಂಗಳಿಂದ ಈ ಕಡೆ ತಲೆ ಹಾಕಿಲ್ಲ. ಆರಾಮಾಗಿರಬೇಕು. ಇಲ್ಲಾ ಬೇರೆ ಯಾರ ಹತ್ರಾನೋ ಹೋಗ್ತಿರಬೇಕು." ಸೂಜಿ ನಿಲ್ಲುತ್ತದೆ. "ನೀವು ಮನೆಗೆ ಹೋಗಿದ್ರಲ್ಲ, ಕುರ್ಚೀಲಿ ಹೇಗೆ ಕೂತಿದ್ರು?"

ನೇರವಾಗಿಯೇ ಕೂತಿದ್ದರು.

"ಇಬ್ರೂನಾ?"

ಇಬ್ಬರೂ.

ಅಕ್ಕ ಹೂಂ ಎನ್ನುತ್ತಾರೆ. ಇಷ್ಟು ಹೊತ್ತಿನಲ್ಲಿ ಇದೇ ಮೊದಲ ಸಲ ನಗುತ್ತಾರೆ.