ಇಳಿಸಬಾರದಿದ್ದ ಜ್ವರ

ಮಾಸ್ತರರ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಕಾಸರಕೋಡಿನಲ್ಲಿ ಚಿಕ್ಕವರಿದ್ದಾಗ ದೋಣಿಯ ಹಗ್ಗಕ್ಕೆ ಸಿಕ್ಕಿ ಹೋದದ್ದಂತೆ. ಸೀಮೆಸುಣ್ಣವನ್ನು ನಡುಬೆರಳಿಗೆ ಒತ್ತಿಕೊಂಡು ಬರೆಯುತ್ತಿದ್ದರು. ಅಕ್ಷರ ಮಾತ್ರ ಮುದ್ದಾಗಿರುತ್ತಿತ್ತು. ಹೊನ್ನಾವರದ ಶಾಲೆಯಲ್ಲಿ ನನಗೆ ಜೀವಶಾಸ್ತ್ರ ಕಲಿಸಿದವರು. ಮುಂದೆ ನಾನೂ ಅಲ್ಲೇ ಶಿಕ್ಷಕಿಯಾಗಿ ಸೇರಿದಾಗ 'ಅಕ್ಕೋರೆ' ಎಂದು ಛೇಡಿಸತೊಡಗಿದರು.

ರಜೆಯಲ್ಲಿ ಧಾರವಾಡದ ವಿಶ್ವವಿದ್ಯಾಲಯಕ್ಕೆ ಹೋಗಿ ಜೀವಶಾಸ್ತ್ರದ ಹೊಸ ಲೇಖನಗಳನ್ನು ಕೈಯಲ್ಲೇ ನಕಲು ಮಾಡಿ ತರುತ್ತಿದ್ದರು. ಒಮ್ಮೆ ಹೇಳಿದರು: "ನಮ್ಮ ಡಿಎನ್‌ಎಯಲ್ಲಿ ಸಿ ಅನ್ನೋ ಅಕ್ಷರದ ಬೆನ್ನಿಗೇ ಜಿ ಬರೋದು ಅಪರೂಪ. ಬಂದ್ರೂ ಆ ಸಿ ಮೇಲೆ ಹೆಚ್ಚಾಗಿ ಒಂದು ಗುರುತು ಕೂತಿರ್ತದೆ. ಗುರುತು ಒತ್ತಾಗಿ ಕೂತಲ್ಲಿ ಜೀನು ಬಾಯಿ ಮುಚ್ತದೆ."

"ಬ್ಯಾಕ್ಟೀರಿಯಾದಲ್ಲಿ?"

"ಅಲ್ಲಿ ಈ ಜೋಡಿ ಬೇಕಾದಷ್ಟು. ಈ ಗುರುತೂ ಇಲ್ಲ. ಅದ್ರಿಂದ ಎಂತ ಆಗ್ತದೆ ಅಂತ ನಂಗೆ ಗೊತ್ತಿಲ್ಲ ಮಾರಾಯ್ತಿ."

ಎಂಬತ್ತರ ದಶಕದ ಕೊನೆಗೆ ಅವರ ಮೂತ್ರಕೋಶದಲ್ಲಿ ಕ್ಯಾನ್ಸರ್ ಕಾಣಿಸಿತು. ಮಂಗಳೂರಿನ ಡಾಕ್ಟರು ಗಡ್ಡೆ ಕೆರೆದು ತೆಗೆದರು. ಮಕ್ಕಳ ತೋಳಿಗೆ ಚುಚ್ಚುತ್ತಾರಲ್ಲ, ಆ ಕ್ಷಯದ ಲಸಿಕೆ ಬಿಸಿಜಿಯನ್ನೇ ವಾರಕ್ಕೊಮ್ಮೆ, ಒಟ್ಟು ಆರು ಸಲ ಮೂತ್ರಕೋಶದೊಳಗೆ ಬಿಡಬೇಕೆಂದರು. ಜ್ವರ ಬಂದರೆ ತಿಳಿಸಿ ಎಂದೂ ಹೇಳಿದ್ದರು.

ಮೂರನೆಯದಕ್ಕೆ ಜ್ವರ ಬಂತು. ಮೈ ಗಡಗಡ ನಡುಗುತ್ತಿತ್ತು. ಅವರ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದರು.

"ಒಳಗೆ ಎಂತದೋ ಎದ್ದಿದೆ, ಅಕ್ಕೋರೆ. ನೀನೂ ಜೀವಶಾಸ್ತ್ರದವಳು. ಉಳಿದ ಮೂರಕ್ಕೆ ಹೋಗ್ಲಾ, ಬೇಡ್ವಾ?" ಎಂದು ಮಾಸ್ತರರು ಕೇಳಿದರು.

ಗೊತ್ತಿಲ್ಲ, ಡಾಕ್ಟರನ್ನೇ ಕೇಳೋಣ ಎನ್ನಬೇಕಿತ್ತು. ನಾನು ಜಾಣೆ. "ಸಾಕು ಮಾಸ್ತರೇ. ಕ್ಯಾನ್ಸರಿಗೆ ಕ್ಷಯದ ಕ್ರಿಮಿ ಹಾಕೋದು ಎಂತ ಔಷಧ?" ಎಂದೆ.

"ಆತು. ನೀ ಹೇಳಿದ ಹಾಗೆ," ಎಂದರು. ಮಾತ್ರೆ ನುಂಗಿದರು, ಜ್ವರ ಇಳಿಯಿತು. ನನಗೆಷ್ಟು ಸಮಾಧಾನವಾಗಿತ್ತೆಂದು ನೆನೆದರೆ ಈಗ ನನ್ನ ಮೇಲೇ ಹೇಸಿಗೆಯಾಗುತ್ತದೆ.

ವರ್ಷದೊಳಗೆ ಗಡ್ಡೆ ಮರಳಿತು. ಕೊನೆಯ ತಿಂಗಳು ಅವರು ಅನುಭವಿಸಿದ್ದನ್ನು ಬರೆಯಲಾರೆ. ನನ್ನನ್ನು ಒಂದು ಮಾತೂ ಅನ್ನದೆ ಹೋದರು.

ಎಷ್ಟೋ ವರ್ಷದ ಮೇಲೆ ಓದಿದೆ: ಬ್ಯಾಕ್ಟೀರಿಯಾದ ಗುರುತಿಲ್ಲದ ಆ ಸಿ-ಜಿ ಜೋಡಿಯನ್ನು ಕಂಡೇ ನಮ್ಮ ದೇಹ ಇದು ಹೊರಗಿನದು ಎಂದು ಎಚ್ಚರಗೊಂಡು, ಅಲ್ಲಿರುವ ಗಡ್ಡೆಯ ಮೇಲೂ ಎರಗುತ್ತದಂತೆ. ಬ್ಯಾಕ್ಟೀರಿಯಾವೇ ಆದ ಬಿಸಿಜಿ ಕ್ಯಾನ್ಸರನ್ನು ತಡೆಯುವುದಕ್ಕೆ ಇದೂ ಒಂದು ಕಾರಣವಂತೆ. ಅವರ ಜ್ವರವೂ ಆ ಎಚ್ಚರದ್ದೇ ಇದ್ದೀತು. ಆರೂ ಸಲ ಹಾಕಿಸಿದ್ದರೆ ಉಳಿಯುತ್ತಿದ್ದರೋ ಏನೋ, ಯಾರು ಹೇಳಬೇಕು? ಬೇಡ ಅಂದವಳು ಮಾತ್ರ ನಾನೇ.

ಅವರ ಹೆಂಡತಿ ಈಗಲೂ ಸಿಕ್ಕಾಗ ಕೈ ಹಿಡಿದುಕೊಳ್ಳುತ್ತಾರೆ. "ನೀ ಅವತ್ತು ಬೇಡ ಅಂದದ್ದಕ್ಕೆ ಅವ್ರಿಗೆ ಅಷ್ಟಾದ್ರೂ ಕಷ್ಟ ತಪ್ಪಿತು ಮಗಾ," ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ.