ಗುದ್ದಣ್ಣ ಕೂರಿಸಿದ ಪಿಕ್‌ಗಾರ್ಡ್

ವಾದ್ಯಗಳ ರಿಪೇರಿ ಮಾಡುವ ಆ ಮನುಷ್ಯನಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಬೀದಿಯವರು ಇಟ್ಟದ್ದು ಗುದ್ದಣ್ಣ. ಕೋಪ ಅವನ ಮೂಗಿನ ತುದಿಯಲ್ಲಿತ್ತು ಎಂದರೆ ಸುಳ್ಳಾಗುತ್ತದೆ, ಅದು ಮೂಗಿನವರೆಗೆ ಹೋಗುವ ಕಷ್ಟ ತೆಗೆದುಕೊಳ್ಳದೆ ಮುಷ್ಟಿಯಲ್ಲೇ ವಾಸವಾಗಿತ್ತು. ಹದಿನಾರಕ್ಕೆ ಡ್ರಿಲ್ ಮೇಷ್ಟರ ಹಲ್ಲು ಉದುರಿಸಿದ. ಇಪ್ಪತ್ತೆರಡಕ್ಕೆ, ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದಾಗ, ಮೇಸ್ತ್ರಿಯನ್ನೂ ಒಂದು ಮೂಟೆಯೆಂದೇ ಎಣಿಸಿ ಎತ್ತಿ ಒಗೆದ. ನಲವತ್ತೊಂದಕ್ಕೆ, ತನ್ನ ಪಿಟೀಲನ್ನು ಹಾಳುಮಾಡಿದೆ ಎಂದ ಗಿರಾಕಿಯ ದವಡೆ ಮುರಿದು ಮೂರು ತಿಂಗಳು ಜೈಲಿನಲ್ಲಿದ್ದು ಬಂದ. ಪಿಟೀಲು ಚೆನ್ನಾಗಿಯೇ ಇತ್ತೆಂದು ಇವತ್ತಿಗೂ ವಾದಿಸುತ್ತಾನೆ. ಇನ್ನೊಮ್ಮೆ ಕೈಮಾಡಿದರೆ ತಿಂಗಳುಗಟ್ಟಲೆ ಅಲ್ಲ, ವರ್ಷಗಟ್ಟಲೆ ಎಂದು ನ್ಯಾಯಾಧೀಶರು ಹೇಳಿ ಕಳಿಸಿದ್ದರು.

ಅದಾಗಿ ನಾಲ್ಕು ವರ್ಷ. ಕೋಪ ನೆತ್ತಿಗೇರಿದಾಗ ಅವನು ಮೇಜಿಗೆ ಬಿಗಿದ, ಮರ ಕಚ್ಚಿ ಹಿಡಿಯುವ ವೈಸಿನ ಹಿಡಿಯನ್ನು ಹಿಡಿದು, ನಡುವೆ ಏನೂ ಇಲ್ಲದೆಯೇ, ಅದರ ಎರಡು ದವಡೆಗಳು ಕಿರ್ರೆನ್ನುವವರೆಗೆ ತಿರುಗಿಸುತ್ತಿದ್ದ. ಗಿರಾಕಿಗಳಿಗೆ ಆ ಸದ್ದು ಗೊತ್ತಿತ್ತು. ಕೇಳಿದ ಕೂಡಲೇ ನಾಳೆ ಬರುತ್ತೇವೆ ಎಂದು ಜಾಗ ಖಾಲಿ ಮಾಡುತ್ತಿದ್ದರು.

ಇಂಥವನ ಬಾಳಿನಲ್ಲೂ ಹೆಮ್ಮೆಪಡುವಂಥದ್ದು ಒಂದಿತ್ತು. ಅವನ ಅಪ್ಪ ಗ್ಯಾರೇಜಿನಲ್ಲಿ ಬೈಸಿಕೊಂಡ ಬೈಗುಳಕ್ಕೆಲ್ಲ ಮನೆಯಲ್ಲಿ ಬೆಲ್ಟು ಬಿಚ್ಚಿ ಉತ್ತರ ಕೊಡುವವನು. ಆ ಬೆಲ್ಟಿನ ಬಕಲ್ ಹಿತ್ತಾಳೆಯದು. ಅಪ್ಪನ ಕಣ್ಣು ತಂಗಿಯತ್ತ ಹೊರಳಿದರೆ ಸಾಕು, ಇವನು ಅಡ್ಡ ನಿಲ್ಲುತ್ತಿದ್ದ. ಅವಳು ಇವನಿಗಿಂತ ಎಂಟು ವರ್ಷಕ್ಕೆ ಚಿಕ್ಕವಳು, ಬೀರುವಿನ ಸಂದಿಯಲ್ಲಿ ಮುದುಡಿ ಕೂತಿರುತ್ತಿದ್ದಳು. ಇವನ ಬೆನ್ನು ಒಡೆಯಿತು, ಕಿವಿಯ ತುದಿ ಹರಿಯಿತು, ಒಮ್ಮೆ ಮೂತ್ರದಲ್ಲಿ ರಕ್ತ ಹೋಯಿತು. ಅವಳ ಮೈಮೇಲೆ ಒಂದು ಬಾಸುಂಡೆಯೂ ಏಳಲಿಲ್ಲ. ಜೈಲಿನಲ್ಲಿ ಮಲಗಿದಾಗಲೂ ಅವನು ಇದನ್ನೇ ನೆನೆದು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ.

ಆ ತಂಗಿ ಬೆಳೆದು ಒಂದು ವಾದ್ಯವೃಂದದಲ್ಲಿ ಬೇಸ್ ಗಿಟಾರ್ ನುಡಿಸುವವಳಾದಳು. ಕನ್ನಡಕದ ಅಂಗಡಿಯ ಒಬ್ಬ ಮೆತ್ತನೆಯ ಮನುಷ್ಯನನ್ನು ಮದುವೆಯಾದಳು. ಅವನು ಭುಜದವರೆಗೆ ಕೂದಲು ಬಿಟ್ಟಿದ್ದ. ಜಡೆ ಹಾಕಿಕೊಡಲೇ ಎಂದು ಗುದ್ದಣ್ಣ ಸಿಕ್ಕಾಗಲೆಲ್ಲ ಕಿಚಾಯಿಸುತ್ತಿದ್ದ, ಅವನು ನಕ್ಕು ಸುಮ್ಮನಾಗುತ್ತಿದ್ದ.

ಒಂದು ಶನಿವಾರ ಹನ್ನೊಂದು ಗಂಟೆಗೆ ತಂಗಿ ಬೇಸನ್ನು ಹೊತ್ತುಕೊಂಡು ಅಂಗಡಿಗೆ ಬಂದಳು. ಸಂಜೆ ಆರಕ್ಕೆ ಕಾರ್ಯಕ್ರಮವಿತ್ತು. ಗಿಟಾರಿನ ಎದೆಯ ಮೇಲೆ, ಉಗುರು ತಾಗಿ ಮರ ಗೀರದಿರಲೆಂದು ಕೂರಿಸುವ ಪ್ಲಾಸ್ಟಿಕ್ ಹಲಗೆ, ಅದೇ ಪಿಕ್‌ಗಾರ್ಡ್, ನಡುವೆ ಸೀಳಿತ್ತು. ಸ್ಟೂಲಿನ ಮೇಲಿಂದ ಬಿತ್ತು ಎಂದಳು. ಅವಳ ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಅದೇನೆಂದು ಕೇಳಿದ್ದಕ್ಕೆ ಉಳುಕಿದೆ ಎಂದಳು.

ಗುದ್ದಣ್ಣ ತಂತಿ ಸಡಿಲಿಸಿ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದ. ಬಿದ್ದು ಒಡೆದ ಗಾರ್ಡ್ ಎಂಥದ್ದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಿದ್ದರೆ ಅಂಚು ಮುರಿಯುತ್ತದೆ, ಸ್ಕ್ರೂವಿನ ತೂತು ಹರಿಯುತ್ತದೆ. ಇದು ಅಗಲವಾದ, ಗಟ್ಟಿಯಾದ, ದುಂಡಗಿನ ಏನಕ್ಕೋ ಮುಖಾಮುಖಿ ಬಡಿದು ಒಳಕ್ಕೆ ಬಾಗಿ ಸೀಳಿದ್ದು. ಗಾರ್ಡನ್ನು ಮೇಲೆತ್ತಿದಾಗ ಅದರಡಿ ಒಣಗಿದ ರಕ್ತ ಕಂದಾಗಿ ಅಂಟಿತ್ತು. ಸೀಳಿನ ಬಾಯಲ್ಲಿ ನಾಲ್ಕೈದು ಉದ್ದನೆಯ ಕರಿ ಕೂದಲು ಸಿಕ್ಕಿಕೊಂಡಿದ್ದವು.

ಅವನು ಆ ಕೂದಲನ್ನು ನೋಡಿದ, ತಂಗಿಯ ತುರುಬನ್ನು ನೋಡಿದ.

"ಎಷ್ಟು ದಿನದಿಂದ ನಡೀತಿದೆ ಇದು?"

ಅವಳು ಗೋಡೆಯತ್ತ ಮುಖ ಮಾಡಿದಳು. "ಕೆಲಸ ಮುಗಿಸ್ಕೊಡಣ್ಣ. ಆರು ಗಂಟೆಗೆ ನಾನು ಅಲ್ಲಿರಬೇಕು."

ವೈಸು ಕಿರ್ರೆಂದಿತು. ಅವನು ಇದ್ದ ಒಂದೇ ಒಂದು ಪ್ಲಾಸ್ಟಿಕ್ ಶೀಟನ್ನು ಎಳೆದು, ಹಳೆಯ ಗಾರ್ಡಿನ ಎರಡು ತುಂಡನ್ನೂ ಅದರ ಮೇಲೆ ಜೋಡಿಸಿ ಗೆರೆ ಎಳೆದ. ಗರಗಸ ಆಡಿಸುವಾಗ ಕಣ್ಣ ಮುಂದೆ ಶೀಟಿರಲಿಲ್ಲ, ಭಾವಮೈದುನನ ಕುತ್ತಿಗೆ ಇತ್ತು. ಅಂಚು ಅರದಿಂದ ಉಜ್ಜಿ, ತೂತು ಕೊರೆದು, ತಂದು ಗಿಟಾರಿನ ಮೇಲಿಟ್ಟರೆ ಕೊಂಬು ಇರಬೇಕಾದ ಕಡೆ ಬಾಲವಿತ್ತು. ಹಳೆಯದನ್ನು ಮಗುಚಿ ಇಟ್ಟು ಗೆರೆ ಎಳೆದಿದ್ದ, ಎಡಗೈಯವರ ಗಿಟಾರಿಗೆ ಆಗುವ ಗಾರ್ಡ್ ತಯಾರಾಗಿತ್ತು. ಶೀಟಿಗೆ ಹೊಳಪು ಒಂದೇ ಮಗ್ಗುಲಿಗೆ, ತಿರುವಿ ಹಾಕುವಂತೆಯೂ ಇರಲಿಲ್ಲ. ಕೆಲಸ ಕಲಿಯುವ ಮೊದಲ ವಾರದಲ್ಲಿ ಮಾಡುವ ತಪ್ಪು ಅದು. ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಮಾಡಿದವನಲ್ಲ. ಅದನ್ನು ಮೊಣಕಾಲಿಗೆ ಹಾಕಿ ಎರಡು ತುಂಡು ಮಾಡಿದ, ಎರಡನ್ನು ನಾಲ್ಕು ಮಾಡಿದ. ಬೇರೆ ಶೀಟು ತರುತ್ತೇನೆಂದು ಹೇಳಿ ಹೊರಟ.

ಶೀಟಿನ ಅಂಗಡಿ ಎಡಕ್ಕೆ. ಶೀಟು ಕೊಂಡ ಮೇಲೆ ಅವನ ಕಾಲು ತನ್ನ ಅಂಗಡಿಗೆ ತಿರುಗದೆ ತಂಗಿಯ ಮನೆಯತ್ತ ತಿರುಗಿತು. ನ್ಯಾಯಾಧೀಶರ ಮಾತು ನೆನಪಿರಲಿಲ್ಲವೇ? ಅಕ್ಷರಶಃ ನೆನಪಿತ್ತು. ಮೂರು ಮಹಡಿ ಹತ್ತುವಾಗ ಮೆಟ್ಟಿಲಿಗೊಂದು ವರ್ಷದಂತೆ ಎಣಿಸಿಕೊಂಡೇ ಹತ್ತಿದ. ತಂಗಿಯ ಮೈಗೆ ಏಟು ಬೀಳಲು ಬಿಟ್ಟ ಮೇಲೆ ತಾನು ಹೊರಗಿದ್ದೇನು, ಒಳಗಿದ್ದೇನು.

ಬಾಗಿಲು ಅರ್ಧ ತೆರೆದಿತ್ತಷ್ಟೇ, ಇವನು ಗುದ್ದಿದ. ಗುದ್ದು ಭಾವಮೈದುನನ ಎದೆಗೆ ಬಿತ್ತು, ಅವನು ಚಪ್ಪಲಿ ಗೂಡಿನ ಮೇಲೆ ಬಿದ್ದ. ಎರಡನೆಯದು ಪಕ್ಕೆಗೆ. ಮೂರನೆಯದು ಬಾಯಿಗೆ, ತುಟಿ ಒಡೆದು ಇವನ ಗೆಣ್ಣೂ ಒಡೆಯಿತು. ನಾಲ್ಕನೆಯದಕ್ಕೆ ಅಂಗಿ ಹಿಡಿದು ಎತ್ತಿದಾಗ ತಲೆಗೆ ಸುತ್ತಿದ್ದ ಟವೆಲ್ ಕಳಚಿತು. ಕಿವಿಯ ಮೇಲೆ ಅಂಗೈಯಗಲ ಕೂದಲು ಬೋಳಿಸಿದ್ದರು. ಆ ಬೋಳಿನಲ್ಲಿ ಕರಿದಾರದ ಹೊಲಿಗೆಗಳು ಸಾಲಾಗಿದ್ದವು. ಉಳಿದ ಕಡೆ ಕೂದಲು ಭುಜದವರೆಗೆ ಇಳಿದಿತ್ತು.

"ತಲೆಗೆ ಮಾತ್ರ ಬೇಡ ಭಾವ," ಎಂದ ಅವನು, ಬಾಯಿಯ ರಕ್ತ ನುಂಗಿಕೊಂಡು. "ಹದಿಮೂರು ಹೊಲಿಗೆ ಹಾಕಿದಾರೆ." ಆಮೇಲೆ ಇವನ ಭುಜದಾಚೆ ಮೆಟ್ಟಿಲ ಕಡೆ ಇಣುಕಿ, ಧ್ವನಿ ತಗ್ಗಿಸಿ ಕೇಳಿದ. "ಅವಳೂ ಬಂದಿದಾಳಾ?"

ಗುದ್ದಣ್ಣನ ಕೈ ಎತ್ತಿದಲ್ಲೇ ನಿಂತಿತು. ತನಗೆ ಅಂಜದೆ ಮೆಟ್ಟಿಲಿಗೆ ಅಂಜುವ ಮನುಷ್ಯನನ್ನು ಅವನು ಹಿಂದೆ ನೋಡಿರಲಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ನೀರು ತಂದುಕೊಟ್ಟು, ಏನಾಯಿತೆಂದು ಕೇಳಿದ. ಗುರುವಾರ ಊಟಕ್ಕೆ ತಡವಾಗಿ ಬಂದನಂತೆ, ಅಷ್ಟೇ. ಅವಳು ಬೇಸಿನ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀಸಿದಳಂತೆ. ಮೊದಲೆಲ್ಲ ಸೌಟು, ಇಸ್ತ್ರಿಪೆಟ್ಟಿಗೆ. ಆಸ್ಪತ್ರೆಯಲ್ಲಿ ಮೆಟ್ಟಿಲಿಂದ ಬಿದ್ದೆ ಎಂದನಂತೆ. ಪೊಲೀಸರಿಗೆ ನಿಮ್ಮ ವಿಷಯವನ್ನೂ ಹೇಳುವುದಿಲ್ಲ ಎಂದ, ಹೇಳದೇ ಇರುವುದು ತನಗೆ ರೂಢಿಯಾಗಿದೆ ಎಂದ. ಗುದ್ದಣ್ಣನಿಗೆ ನಾಚಿಕೆಯಾಯಿತು. ನಲವತ್ತೈದು ವರ್ಷದಲ್ಲಿ ಅದರ ಪರಿಚಯ ಅಷ್ಟಾಗಿ ಇರಲಿಲ್ಲ.

ಅವನು ಅಂಗಡಿಗೆ ಮರಳಿದಾಗ ಮೂರೂವರೆ. ತಂಗಿ ಅವನ ಗೆಣ್ಣು ನೋಡಿದಳು. ಅವನು ಶೀಟನ್ನು ಮೇಜಿನ ಮೇಲೆ ಹರಡಿದ. ಹಳೆಯ ಗಾರ್ಡನ್ನು ಈ ಸಲ ಸರಿಯಾದ ಮಗ್ಗುಲಿಗೆ ಇಟ್ಟು ಗೆರೆ ಎಳೆದ, ಕೊರೆದ, ಉಜ್ಜಿದ. ಸದ್ದು ಏರಿಳಿಸುವ ತಿರುಗುಗುಂಡಿಗಳನ್ನು ಹೊಸ ಹಲಗೆಗೆ ದಾಟಿಸಿದ. ಮರದಲ್ಲಿದ್ದ ರಕ್ತವನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಪ್ರತಿ ಸ್ಕ್ರೂವನ್ನೂ ಮೊದಲು ಹಿಂದಕ್ಕೆ ತಿರುಗಿಸಿ, ಅದು ಮರದಲ್ಲಿದ್ದ ಹಳೆಯ ಸುರುಳಿ ಗೀರಿನಲ್ಲಿ ಟಕ್ಕೆಂದು ಕೂತ ಮೇಲೆ ಮುಂದಕ್ಕೆ ಬಿಗಿಯುತ್ತ ಹೋದ. ಹಾಗೆ ಮಾಡದಿದ್ದರೆ ಮರದಲ್ಲಿ ಹೊಸ ಗಾಯವಾಗುತ್ತದೆ. ಐದು ಗಂಟೆಗೆ ತಂತಿ ಬಿಗಿದು ಮೀಟಿ ನೋಡಿದ, ಸ್ವರ ಶುದ್ಧವಾಗಿತ್ತು.

ತಂಗಿ ಕೈಚಾಚಿದಳು. ಅವನು ಗಿಟಾರನ್ನು ತೊಡೆಯ ಮೇಲಿಂದ ಎತ್ತಲಿಲ್ಲ.

"ನಿನ್ನ ಗಂಡನ್ನ ನೋಡ್ಕೊಂಡು ಬಂದೆ," ಎಂದ. "ಇದನ್ನ ನಿನ್ನ ಕೈಗೆ ಕೊಡಲ್ಲ."

ಅವಳ ಮುಖ ಬದಲಾಯಿತು. ಆ ಮುಖವನ್ನು ಅವನು ಬಲ್ಲ. ದವಡೆ ಮೊದಲು ಎಡಕ್ಕೆ ಸರಿಯಿತು, ಆಮೇಲೆ ಉಸಿರು ಮೂಗಿನಲ್ಲಿ ನಿಂತಿತು. ಗ್ಯಾರೇಜಿನಿಂದ ಬಂದು ಬಾಗಿಲ ಹೊಸ್ತಿಲಲ್ಲಿ ನಿಲ್ಲುತ್ತಿದ್ದ ಮುಖ. ಅವಳು ಎಡಗೈಯಿಂದ ಕೆನ್ನೆಗೆ ಹೊಡೆದಳು. ಇನ್ನೊಮ್ಮೆ ಹೊಡೆದಳು. ಮೇಜಿನ ಮೇಲಿದ್ದ ಅರ ಎತ್ತಿಕೊಂಡು ಭುಜಕ್ಕೆ ಹೊಡೆದಳು, ಅಂಗಿ ಹರಿದು ಚರ್ಮ ಸುಲಿಯಿತು. ಯಾರ ಏಟನ್ನೂ ಬಾಕಿ ಉಳಿಸಿಕೊಂಡವನಲ್ಲ ಗುದ್ದಣ್ಣ, ಇವಳ ಮೇಲೆ ಮಾತ್ರ ಕೈ ಎತ್ತಲಿಲ್ಲ. ವೈಸು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ಅದನ್ನೂ ಮುಟ್ಟಲಿಲ್ಲ.

"ನನಗೆ ಹೊಡಿ," ಎಂದ. "ಎಷ್ಟು ಬೇಕಾದ್ರೂ ಹೊಡಿ. ಅವನನ್ನ ಬಿಟ್ಟುಬಿಡು."

ಅರ ಮೇಲೆತ್ತಿದ ಕೈ ಹಾಗೇ ನಿಂತಿತು. ಅವಳು ಅಳುತ್ತಿರಲಿಲ್ಲ, ಏದುಸಿರು ಬಿಡುತ್ತಿದ್ದಳು.

"ಅಪ್ಪನಿಗೂ ಇದನ್ನೇ ಹೇಳ್ತಿದ್ದೆ ನೀನು," ಎಂದಳು. "ದಿನಾ ಹೇಳ್ತಿದ್ದೆ. ನಾನು ಬೀರು ಸಂದಿಯಿಂದ ದಿನಾ ನೋಡ್ತಿದ್ದೆ. ಅಪ್ಪ ನಿಲ್ಲಿಸಿದ್ನಾ ಅಣ್ಣ?"

ಗುದ್ದಣ್ಣ ಗಿಟಾರನ್ನು ಎದೆಗೆ ಒತ್ತಿಕೊಂಡು ಕೂತೇ ಇದ್ದ, ಅವಳು ಅರ ಹಿಡಿದು ನಿಂತೇ ಇದ್ದಳು. ಆ ಸಂಜೆ ಅವಳ ವಾದ್ಯವೃಂದ ಬೇಸ್ ಇಲ್ಲದೆ ನುಡಿಸಿತು.